ಎಡಚನ ಐದು ಹೇಂಟೆಗಳು

ಮೂವತ್ತೊಂದು ವರ್ಷ ಕೋಳಿ ಕೆಲಸ ಮಾಡಿದವನಿಗೆ ಕೋಳಿ ಅಂದರೇನು ಅಂತಲೇ ಗೊತ್ತಿಲ್ಲ ಅಂದರೆ ಕೇಳಿದವರು ನಗುತ್ತಾರೆ. ಮೇಸ್ತ್ರಿಯ ವಿಷಯದಲ್ಲಿ ಅದು ನಿಜವಾಗಿತ್ತು. ಊರಾಚೆಯ ಮಾಂಸದ ಕಾರ್ಖಾನೆಯಲ್ಲಿ ಅವನ ಕೈ ದಾಟಿ ಹೋದ ಕೋಳಿಗಳೆಲ್ಲ ಒಂದೇ ಬಣ್ಣ, ಒಂದೇ ತೂಕ, ಒಂದೇ ವಯಸ್ಸು. ಬಿಳಿ, ಎರಡು ಕಿಲೋ, ನಲವತ್ತು ದಿನ. ಲಾರಿಯಿಂದ ಕ್ರೇಟು ಇಳಿಯುತ್ತಿತ್ತು. ಕ್ರೇಟಿನೊಳಗೆ ಕೈ ಹಾಕಿ, ಎರಡು ಕಾಲು ಸೇರಿಸಿ ಹಿಡಿದು, ತಲೆಕೆಳಗೆ ಮಾಡಿ, ಓಡುವ ಸರಪಳಿಯ ಕೊಕ್ಕೆಗೆ ಸಿಕ್ಕಿಸಬೇಕು. ಮುಂದಿನದು ಗೋಡೆಯ ಆ ಬದಿಯವರ ಕೆಲಸ. ಅದನ್ನು ನೋಡಲು ಅವನು ಹೋದವನಲ್ಲ.

ಸರಪಳಿಯ ಈಚೆ ಮೇಸ್ತ್ರಿ, ಆಚೆ ಎಡಚ. ಎಡಗೈಯಲ್ಲಿ ಕೆಲಸ ಮಾಡುತ್ತಿದ್ದವನಿಗೆ ಬೇರೆ ಹೆಸರಿತ್ತು ಅನ್ನುವುದನ್ನೇ ಎಲ್ಲರೂ ಮರೆತಿದ್ದರು. ಯಂತ್ರದ ಅಬ್ಬರಕ್ಕೆ ಇಬ್ಬರೂ ಕಿವಿಗೆ ಹತ್ತಿ ತುರುಕಿಕೊಂಡಿರುತ್ತಿದ್ದರು. ಹಾಗಾಗಿ ಹನ್ನೊಂದು ವರ್ಷ ಅವರು ಮಾತಾಡಿದ್ದೆಲ್ಲ ತುಟಿಯಲ್ಲಿ, ಹುಬ್ಬಿನಲ್ಲಿ, ಗದ್ದ ಆಡಿಸುವುದರಲ್ಲಿ. ಎಡಚನ ಬಾಯಿ ಅಲುಗಿದರೆ ಮೇಸ್ತ್ರಿಗೆ ಮಾತು ಕೇಳಿದಂತೆಯೇ ಆಗುತ್ತಿತ್ತು. ಕೆಲಸ ಬಿಟ್ಟೊಡನೆ ಅವನ ಸೈಕಲ್ಲು ಒಂದು ದಿಕ್ಕಿಗೆ, ಇವನ ಸೈಕಲ್ಲು ಇನ್ನೊಂದು ದಿಕ್ಕಿಗೆ. ಒಬ್ಬರ ಮನೆಗೆ ಇನ್ನೊಬ್ಬರು ಹೋದದ್ದು ಎರಡೋ ಮೂರೋ ಸಲ, ಅದೂ ಹೊಸ್ತಿಲ ತನಕ.

ಎಡಚ ಸತ್ತು ಹದಿನಾಲ್ಕು ತಿಂಗಳಾಗಿತ್ತು. ಮೇಸ್ತ್ರಿ ಭುಜದ ನೋವು ಅಂತ ಬೇಗನೆ ಕೆಲಸ ಬಿಟ್ಟು ಮನೆಯಲ್ಲಿದ್ದ. ಒಂದು ಬೆಳಿಗ್ಗೆ ಬಾಗಿಲ ಮುಂದೆ ಗೂಡ್ಸ್ ಗಾಡಿ ನಿಂತಿತು. ಎಡಚನ ಹೆಂಡತಿ ಇಳಿದಳು. ಗಾಡಿಯ ಹಿಂದೆ ಮರದ ಗೂಡು, ಎರಡು ಬುಟ್ಟಿ, ಬುಟ್ಟಿಯೊಳಗೆ ಏನೋ ಕುಯ್‌ಗುಡುತ್ತಿತ್ತು.

"ಅಣ್ಣಾ, ನಾನು ಮಗಳ ಮನೆಗೆ ಹೋಗ್ತಿದ್ದೀನಿ. ಮೂರನೇ ಮಹಡಿ. ಅಲ್ಲಿ ಇವನ್ನ ಇಟ್ಕೊಳ್ಳೋಕಾಗಲ್ಲ. ಬೇರೆ ಯಾರಿಗೆ ಕೊಟ್ರೂ ಸಂಜೆಯೊಳಗೆ ಒಲೆ ಮೇಲಿರ್ತವೆ."

"ಅವನು ಕೋಳಿ ಸಾಕಿದ್ನಾ?"

"ಹನ್ನೊಂದು ವರ್ಷ ಎದುರುಬದುರು ನಿಂತಿದ್ರಿ, ನಿಮಗೆ ಹೇಳಿರಲಿಲ್ವಾ?"

ಮೇಸ್ತ್ರಿ ಬೇಡ ಅನ್ನಲು ಬಾಯಿ ತೆರೆದ. ಅಷ್ಟರಲ್ಲಿ ಒಳಗಿಂದ ಬಂದ ಅವನ ಹೆಂಡತಿ, "ಇಳಿಸಮ್ಮ, ಹಿತ್ತಲು ಖಾಲಿ ಬಿದ್ದಿದೆ. ಇವ್ರಿಗೂ ಗೋಡೆ ನೋಡ್ತಾ ಕೂರೋದು ತಪ್ಪುತ್ತೆ," ಅಂದುಬಿಟ್ಟಳು. ಅವಳು ಅಂದಮೇಲೆ ಮುಗಿಯಿತು.

ಬುಟ್ಟಿಯ ಮುಚ್ಚಳ ತೆಗೆದದ್ದೇ ಮೇಸ್ತ್ರಿಯ ಕೈ ತಾನಾಗಿ ಒಳಗೆ ಹೋಯಿತು, ತಾನಾಗಿ ಎರಡು ಕಾಲು ಸೇರಿಸಿ ಹಿಡಿಯಿತು, ತಾನಾಗಿ ಮೇಲೆತ್ತಿತು. ಇಟ್ಟಿಗೆ ಬಣ್ಣದ ಹೇಂಟೆ ತಲೆಕೆಳಗೆ ನೇತಾಡಿತು. ಒಂದು ಸಲ ರೆಕ್ಕೆ ಬಡಿದು ಸುಮ್ಮನಾಯಿತು. ಅವನ ಕಣ್ಣು ಕೊಕ್ಕೆ ಹುಡುಕುತ್ತಿತ್ತು.

"ಅಣ್ಣಾ! ಹಾಗಲ್ಲ!" ಎಡಚನ ಹೆಂಡತಿ ಕಿರುಚಿದಳು. ಹೇಂಟೆಯನ್ನು ಕಸಿದು ಎದೆಗೊತ್ತಿಕೊಂಡಳು. ಆಮೇಲೆ, ಕೂಗಿದ್ದಕ್ಕೆ ನಾಚಿದವಳಂತೆ, ನಿಧಾನವಾಗಿ ಹೇಳಿಕೊಟ್ಟಳು. "ಅಂಗೈ ಎದೆ ಕೆಳಗೆ. ಕಾಲು ಬೆರಳ ಸಂದೀಲಿ ಬರ್ಲಿ. ರೆಕ್ಕೆ ನಿಮ್ಮ ಪಕ್ಕೆಗೆ ಒತ್ಕೊಂಡಿರ್ಲಿ. ಹೂಂ, ಹೀಗೆ. ಭಯ ಬೀಳ್ಬೇಡಿ, ಅದೂ ಭಯ ಬೀಳಲ್ಲ."

ಅಂಗೈಗೆ ಹೇಂಟೆಯ ಹೃದಯ ಬಡಿಯುವುದು ತಿಳಿಯಿತು. ಅಷ್ಟು ಬೇಗ ಬಡಿಯುತ್ತದೆ ಅಂತ ಅವನಿಗೆ ಗೊತ್ತಿರಲಿಲ್ಲ. ಹೋಗುವಾಗ ಅವಳು ಒಂದು ನೋಟ್‌ಬುಕ್ಕನ್ನು ಮೇಸ್ತ್ರಿಯ ಹೆಂಡತಿಯ ಕೈಗೆ ಕೊಟ್ಟಳು. "ಅವ್ರು ಬರೆದಿಟ್ಟಿದ್ದು. ಯಾವ್ದಕ್ಕೆ ಏನು ಅಂತ."

ಅವತ್ತು ಇಳಿಹೊತ್ತು ಮೇಸ್ತ್ರಿ ಹಿತ್ತಲ ಮೆಟ್ಟಿಲ ಮೇಲೆ ಕೂತು ನೋಟ್‌ಬುಕ್ ಬಿಚ್ಚಿದ. ಅಕ್ಷರಗಳೆಲ್ಲ ಗಾಳಿಗೆ ಸಿಕ್ಕ ಹುಲ್ಲಿನಂತೆ ಎಡಕ್ಕೆ ವಾಲಿದ್ದವು. ಅದರಲ್ಲಿ ಎಡಚ ಮಾತಾಡುತ್ತಿದ್ದ. ಸದ್ದಿಲ್ಲದೆ ತುಟಿ ಮಾತ್ರ ಆಡಿಸುತ್ತಿದ್ದ ಮನುಷ್ಯ ಇಷ್ಟೊಂದು ಮಾತುಗಾರ ಅಂತ ಯಾರಿಗೆ ಗೊತ್ತಿತ್ತು!

"ಸೂಪರ್‌ವೈಸರ್: ರೋಡ್ ಐಲ್ಯಾಂಡ್ ರೆಡ್ ತಳಿ. ಕೆಂಪು. ಮೊಟ್ಟೆ ತಪ್ಪಿಸಲ್ಲ, ಜಗಳವನ್ನೂ ತಪ್ಪಿಸಲ್ಲ. ಮೊದಲು ಇವಳಿಗೆ ಕಾಳು ಹಾಕು, ಇಲ್ಲಾಂದ್ರೆ ಉಳಿದವರಿಗೆ ಊಟವಿಲ್ಲ.

"ಕೊಡೆ: ಆಸ್ಟ್ರಲಾರ್ಪ್ ತಳಿ. ಕಪ್ಪು ಅಂದ್ಕೋಬೇಡ, ಬಿಸಿಲಲ್ಲಿ ನೋಡು, ಹಸಿರು. ಮಾತು ಕಡಿಮೆ.

"ಬ್ರಹ್ಮ: ಇದು ತಳಿಯ ಹೆಸರು. ಹಣೆಬರಹ ಬರೆಯೋ ಬ್ರಹ್ಮ ಅಲ್ಲ, ಪೈಜಾಮ ಹಾಕ್ಕೊಂಡ ಬ್ರಹ್ಮ. ಕಾಲ್ಬೆರಳ ತನಕ ಪುಕ್ಕ. ಆನೆ ಗಾತ್ರ, ಇಲಿ ಎದೆ.

"ಅಜ್ಜಿ: ಸಿಲ್ಕಿ ತಳಿ. ಬೂದಿ ಬಣ್ಣ. ಪುಕ್ಕ ಅಲ್ಲ, ಬೆಕ್ಕಿನ ಕೂದಲು. ಕಾಲಿಗೆ ಐದು ಬೆರಳು, ಎಣಿಸಿ ನೋಡು. ಕಲ್ಲು ಕೊಟ್ರೂ ಕಾವಿಗೆ ಕೂರ್ತಾಳೆ.

"ಬೋಳಿ: ಬೋಳುಕುತ್ತಿಗೆ ತಳಿ. ಹುಟ್ಟಿನಿಂದಲೇ ಕುತ್ತಿಗೆ ಮೇಲೆ ಪುಕ್ಕ ಇಲ್ಲ. ಕಾಯಿಲೆ ಅಲ್ಲ. ಎಲ್ಲರಿಗಿಂತ ನನ್ನ ಮೇಲೆ ಪ್ರೀತಿ ಇವಳಿಗೆ."

ಕೊನೆಯಲ್ಲಿ, ಬೇರೆ ಶಾಯಿಯಲ್ಲಿ: "ಬಿಳಿ ಮಾತ್ರ ಬೇಡ. ಬಿಳಿ ತಂದರೆ ನನಗೆ ನಿದ್ದೆ ಬರಲ್ಲ."

ಮೇಸ್ತ್ರಿ ಪುಟ ಮುಚ್ಚಿದ.

ಮೊದಲ ತಿಂಗಳು ಅವನು ಎಡವಿದ್ದೇ ಹೆಚ್ಚು. ಮೊಟ್ಟೆಯಿಟ್ಟ ಹೇಂಟೆ ಲೋಕಕ್ಕೆಲ್ಲ ಸಾರಿ ಹೇಳುತ್ತದೆ ಅಂತ ತಿಳಿಯದೆ, ಕೊಡೆ ಕೂಗಿದಾಗ ಹಾವು ಬಂತೆಂದು ದೊಣ್ಣೆ ಹಿಡಿದು ಓಡಿದ. ಹೇಂಟೆಗಳೆಲ್ಲ ಮಣ್ಣಲ್ಲಿ ಹೊರಳಾಡಿ ಸ್ನಾನ ಮಾಡುವುದನ್ನು ನೋಡಿ ಫಿಟ್ಸ್ ಬಂತೆಂದು ನೀರೆರಚಿದ. ಸೂಪರ್‌ವೈಸರ್ ಅವನ ಕಾಲಿನ ಹೆಬ್ಬೆರಳನ್ನು ಹುಳವೆಂದು ಕುಕ್ಕಿದಳು. ಹೆಂಡತಿ ಅಡುಗೆಮನೆ ಕಿಟಕಿಯಿಂದ ನೋಡಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಅವನೂ ನಕ್ಕ. ಒಂದೇ ಅಚ್ಚಿನ ಸಾವಿರ ಸಾವಿರ ಕೋಳಿ ನೇತುಹಾಕಿದವನಿಗೆ, ಒಂದು ಕೋಳಿ ಮೊಂಡಿ, ಒಂದು ಪುಕ್ಕಲಿ, ಒಂದು ಮುನಿಸಿಕೊಳ್ಳುವವಳು ಅನ್ನುವುದು ದೊಡ್ಡ ಸಂಗತಿಯಾಗಿ ಕಂಡಿತು. ಕಂಡಷ್ಟೂ ಅದು ಅವನ ಎದೆಯ ಮೇಲೆ ಕೂತಿತು. ಹಾಗಾದರೆ ಕೊಕ್ಕೆಗೆ ಸಿಕ್ಕಿಸಿದ ಅವೂ ಒಂದೊಂದೂ ಒಂದೊಂದು ಥರ ಇದ್ದಿರಬೇಕಲ್ಲ?

ಬೋಳಿಯನ್ನು ಮಾತ್ರ ಅವನಿಗೆ ನೇರ ನೋಡಲಾಗುತ್ತಿರಲಿಲ್ಲ. ಕೆಂಪು ಬೆತ್ತಲೆ ಕುತ್ತಿಗೆ, ಉಳಿದದ್ದಕ್ಕೆಲ್ಲ ಪುಕ್ಕ. ಪುಕ್ಕ ಕೀಳುವ ಯಂತ್ರದೊಳಗೆ ಅರ್ಧ ಹೋಗಿ ಎದ್ದು ಬಂದವಳ ಹಾಗಿದ್ದಳು.

ಎರಡನೇ ತಿಂಗಳಲ್ಲಿ ಗೂಡಿನೊಳಗೆ ಒಂದು ಬಿಳಿ ಗರಿ ಸಿಕ್ಕಿತು. ಬೆರಳುದ್ದದ್ದು, ಅಚ್ಚ ಬಿಳಿ. ಗಾಳಿಗೆ ಎಲ್ಲಿಂದಲೋ ಬಂದಿರಬೇಕು ಅಂದುಕೊಂಡ. ಮಾರನೇ ದಿನ ಮೂರು ಇದ್ದವು. ಸುತ್ತ ನಾಲ್ಕು ಬೀದಿಯಲ್ಲಿ ಕೋಳಿ ಸಾಕಿದವರು ಯಾರೂ ಇಲ್ಲ. ಮೇಸ್ತ್ರಿ ಕೂತು ಐವರ ಮೈಯನ್ನೂ ಪುಕ್ಕ ಬಿಡಿಸಿ ಬಿಡಿಸಿ ನೋಡಿದ. ಕೆಂಪು, ಕಪ್ಪು, ಕಂದು, ಬೂದಿ. ಬಿಳಿ ಒಂದೂ ಇಲ್ಲ. ಗರಿಗಳನ್ನು ಮಣ್ಣಲ್ಲಿ ಹೂತುಬಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡನಂತೆ. ಅವನು ಹೆಂಡತಿಗೆ ಹೇಳಲಿಲ್ಲ.

ಅದಾದಮೇಲೆ ಬೆಳಗಿನ ವಿಷಯ ಶುರುವಾಯಿತು. ಏಳು ಗಂಟೆಗೆ ಅವನು ಗೂಡು ತೆರೆದು ಕಾಳು ಚೆಲ್ಲುತ್ತಿದ್ದ. ಐದೂ ಮುಗಿಬಿದ್ದು ತಿನ್ನುತ್ತಿದ್ದವು. ಏಳೂ ಹತ್ತಕ್ಕೆ, ಯಾರೋ ಕರೆದ ಹಾಗೆ, ಐದೂ ತಲೆಯೆತ್ತುತ್ತಿದ್ದವು. ನೋಡುತ್ತಿದ್ದುದು ಮೇಸ್ತ್ರಿಯನ್ನಲ್ಲ. ಅವನೆದುರಿಗೆ ಒಂದು ಮಾರು ದೂರದಲ್ಲಿ, ಖಾಲಿ ನೆಲದ ಮೇಲೆ, ಆಳೆತ್ತರದ ಜಾಗವನ್ನು ನೋಡುತ್ತಿದ್ದವು. ಸರಪಳಿ ಇದ್ದಿದ್ದರೆ ಅದರ ಆಚೆ ಬದಿ ಸರಿಯಾಗಿ ಅಲ್ಲಿಗೇ ಬರುತ್ತಿತ್ತು. ಆಮೇಲೆ ಅವು ಎರಡು ಭಾಗವಾಗಿ ಸರಿದು ನಡುವೆ ದಾರಿ ಬಿಡುತ್ತಿದ್ದವು. ಯಾರೋ ನಡೆದು ಬಂದಂತೆ.

ಒಂದು ದಿನ ಬೋಳಿ ಆ ಜಾಗಕ್ಕೆ ಹೋಗಿ ನಿಂತು, ರೆಕ್ಕೆ ಕೊಂಚ ಬಿಡಿಸಿ, ಬೆನ್ನು ತಗ್ಗಿಸಿ ಕವುಚಿ ಕೂತಳು. ನೋಟ್‌ಬುಕ್ಕಿನಲ್ಲಿ ಎಡಚ ಬರೆದಿದ್ದ: "ಹೇಂಟೆ ಹೀಗೆ ಕೂತರೆ, ಎತ್ತಿಕೋ ಅಂತ ಅರ್ಥ. ಗುರುತಿದ್ದವರ ಮುಂದೆ ಮಾತ್ರ ಕೂರ್ತಾಳೆ." ಬೋಳಿ ಹಾಗೆ ಕೂತೇ ಇದ್ದಳು. ಅವಳ ಬೆನ್ನಿನ ಪುಕ್ಕ ಕತ್ತಿನಿಂದ ಬಾಲದವರೆಗೆ ಮೆಲ್ಲಗೆ ಅದುಮಿಕೊಂಡಿತು, ಮತ್ತೆ ಎದ್ದಿತು, ಮತ್ತೆ ಅದುಮಿಕೊಂಡಿತು. ಅವಳು ಕಣ್ಣು ಮುಚ್ಚಿದಳು.

ಮೇಸ್ತ್ರಿಯ ಕೈಯಿಂದ ಕಾಳಿನ ಡಬ್ಬಿ ಬಿತ್ತು.

"ಹಿತ್ತಲಲ್ಲಿ ಯಾರೋ ಇದ್ದಾರೆ ಕಣೇ," ಅಂದ ಒಳಗೆ ಬಂದು.

ಹೆಂಡತಿ ಇಣುಕಿ ನೋಡಿದಳು. "ಕೋಳಿ ಇದಾವೆ. ನೀವೊಬ್ರು ಇದ್ರಿ. ಇನ್ಯಾರು?" ಆಮೇಲೆ ಅವನ ಮುಖ ನೋಡಿ ತಮಾಷೆ ನಿಲ್ಲಿಸಿದಳು. "ಏನ್ರೀ, ಮುಖದಲ್ಲಿ ಒಂದು ತೊಟ್ಟು ರಕ್ತ ಇಲ್ಲ?"

ಅವನು ಹದಿನಾರು ತಿಂಗಳಿಂದ ಹೇಳದೆ ಇದ್ದದ್ದು ಒಂದಿತ್ತು. ಅದು ಇದು.

ಕಾರ್ಖಾನೆಯಲ್ಲಿ ಆವತ್ತು ಬೆಳಿಗ್ಗೆ ಏಳೂ ಹತ್ತಕ್ಕೆ ಎಡಚನ ಕೈಗವಸು ಕೊಕ್ಕೆಗೆ ಸಿಕ್ಕಿಕೊಂಡಿತು. ಸರಪಳಿ ಅವನನ್ನು ಗಾಲಿಯ ಕಡೆ ಎಳೆಯಿತು. ಯಂತ್ರ ನಿಲ್ಲಿಸುವ ಕೆಂಪು ಗುಂಡಿ ಮೇಸ್ತ್ರಿಯ ಬಲ ಮೊಣಕೈ ಪಕ್ಕದಲ್ಲೇ ಇತ್ತು. ಹಿಂದಿನ ದಿನ ತಾನೇ ಮೇಲಿನವರು ಎಲ್ಲರ ಮುಂದೆ ಮೇಸ್ತ್ರಿಯನ್ನು ನಿಲ್ಲಿಸಿ, ಸುಮ್ಮಸುಮ್ಮನೆ ಲೈನು ನಿಲ್ಲಿಸ್ತೀಯಾ ಅಂತ ಮುಖಕ್ಕೆ ಹೊಡೆದ ಹಾಗೆ ಬೈದಿದ್ದರು. ಎಡಚ ಬಿಡಿಸಿಕೊಳ್ಳುತ್ತಾನೆ, ಈಗ ಬಿಡಿಸಿಕೊಳ್ಳುತ್ತಾನೆ ಅಂದುಕೊಂಡ. ಅಂದುಕೊಳ್ಳುವಷ್ಟರಲ್ಲಿ ನಾಲ್ಕು ಕೋಳಿ ಅವನ ಕಣ್ಣ ಮುಂದೆ ಹಾದುಹೋದವು. ಆಮೇಲೆ ಗುಂಡಿ ಒತ್ತಿದ. ಎಡಚ ಆಸ್ಪತ್ರೆಯಲ್ಲಿ ಮೂರನೇ ದಿನ ಸತ್ತ. ವಿಚಾರಣೆಯಲ್ಲಿ ಮೇಸ್ತ್ರಿ ಹೇಳಿದ್ದು ಇಷ್ಟೇ: "ತಕ್ಷಣ ಒತ್ತಿದೆ ಸಾರ್. ಗುಂಡಿ ಕಚ್ಚಿಕೊಂಡಿತ್ತು." ಗುಂಡಿ ಬದಲಾಯಿಸಿದರು. ಕಡತ ಮುಚ್ಚಿತು.

ಬ್ರಹ್ಮಳಿಗೆ ಹುಷಾರು ತಪ್ಪಿದ್ದು ಕಾಳಿನ ಡಬ್ಬಿ ಬಿದ್ದ ದಿನದಿಂದ ಹದಿನೈದು ದಿನಕ್ಕೆ. ಬಾಲ ಇಳಿಬಿಟ್ಟು, ಮೈ ನೆಟ್ಟಗೆ ಮಾಡಿ ಮೂಲೆಯಲ್ಲಿ ನಿಂತಿದ್ದಳು. ಆಗಾಗ ತಿಣುಕುತ್ತಿದ್ದಳು, ಏನೂ ಬರುತ್ತಿರಲಿಲ್ಲ. ಪಶುವೈದ್ಯರ ಆಸ್ಪತ್ರೆಗೆ ಬೀಗ. ಮೇಸ್ತ್ರಿಯ ಹೆಂಡತಿ ಎಡಚನ ಹೆಂಡತಿಗೆ ಫೋನ್ ಮಾಡಿದಳು. ಅವಳು ಮುಂದಿನ ಬಸ್ಸಿಗೇ ಬಂದಳು. ಬಂದವಳು ಚಪ್ಪಲಿ ಬಿಡುವ ಮುಂಚೆ ಬ್ರಹ್ಮಳ ಹೊಟ್ಟೆ ಮುಟ್ಟಿ ನೋಡಿ, "ಮೊಟ್ಟೆ ಸಿಕ್ಕಾಕ್ಕೊಂಡಿದೆ. ಬಿಸಿನೀರು ಕಾಯಿಸಿ," ಅಂದಳು.

ಟಬ್ಬಿನಲ್ಲಿ ಬೆಚ್ಚನೆಯ ನೀರು ಹಾಕಿ ಬ್ರಹ್ಮಳನ್ನು ಹೊಟ್ಟೆ ಮುಳುಗುವಷ್ಟು ಕೂರಿಸಿದರು. ಮೇಸ್ತ್ರಿ ಎರಡೂ ಕೈಯಿಂದ ಹಿಡಿದುಕೊಂಡ. ಎಡಚನ ಹೆಂಡತಿ ಚೊಂಬಿನಿಂದ ಬೆನ್ನ ಮೇಲೆ ನೀರು ಹೊಯ್ಯುತ್ತಿದ್ದಳು. "ಅರ್ಧ ಗಂಟೆ ಹೀಗೇ ಇರ್ಬೇಕು. ಅವ್ರಿದ್ದಾಗ ಎರಡು ಸಲ ಹೀಗಾಗಿತ್ತು. ಅವ್ರು ಹಿಡ್ಕೊಂಡು ಕಥೆ ಹೇಳ್ತಿದ್ರು ಇದಕ್ಕೆ." ಮೇಸ್ತ್ರಿಯ ಹೆಂಡತಿ ಇನ್ನೊಂದು ಪಾತ್ರೆ ನೀರು ಕಾಯಿಸಲು ಒಳಗೆ ಹೋದಳು.

ಬಿಸಿಲು ಗೋಡೆಯ ಮೇಲಿತ್ತು. ಉಳಿದ ನಾಲ್ಕು ಹೇಂಟೆಗಳು ಸುತ್ತ ನಿಂತಿದ್ದವು. ನೋಡುತ್ತಿದ್ದುದು ಬ್ರಹ್ಮಳನ್ನಲ್ಲ, ಎಡಚನ ಹೆಂಡತಿಯ ಹೆಗಲ ಹಿಂದಿನ ಜಾಗವನ್ನು. ಮೇಸ್ತ್ರಿ ಅತ್ತ ಕಣ್ಣೆತ್ತಲಿಲ್ಲ. ಕೈ ಬಿಡುವಂತಿಲ್ಲ, ಎದ್ದು ಹೋಗುವಂತಿಲ್ಲ.

"ತಂಗೀ," ಅಂದ. "ಗುಂಡಿ ಕೆಟ್ಟಿರಲಿಲ್ಲ."

ಅವಳು ಚೊಂಬು ನೀರಲ್ಲಿ ಅದ್ದುತ್ತಿದ್ದಳು. ಅದ್ದಿದ ಕೈ ಅಲ್ಲೇ ನಿಂತಿತು.

"ನಾನು ಒತ್ತಲಿಲ್ಲ. ಒತ್ತಿದೆ, ಆದ್ರೆ ತಡವಾಗಿ ಒತ್ತಿದೆ. ಎಲ್ಲರ ಹತ್ರ ಸುಳ್ಳು ಹೇಳಿದೆ. ನಿನ್ನ ಹತ್ರಾನೂ."

ಆಮೇಲೆ ಅವಳು ಮತ್ತೆ ನೀರು ಹೊಯ್ಯತೊಡಗಿದಳು, ಮೊದಲಿಗಿಂತ ನಿಧಾನವಾಗಿ.

"ಎಷ್ಟು ಹೊತ್ತು ತಡ?"

"ನಾಲ್ಕು ಕೋಳಿ ಹೋಗೋವಷ್ಟು."

"ನನಗೆ ಕೋಳಿ ಲೆಕ್ಕ ಗೊತ್ತಾಗಲ್ಲ."

"ಒಂದು... ಎರಡು... ಮೂರು... ನಾಲ್ಕು." ಅವನು ಎಣಿಸಿದ. ಎಣಿಸಿ ಮುಗಿಸುವುದರೊಳಗೆ ಅವಳ ಮುಖ ಮುದುಡಿತು.

"ಕೂಗಿದ್ರಾ ಅವ್ರು?"

"ಆ ಸದ್ದಲ್ಲಿ ಕೇಳ್ಸೋದಿಲ್ಲ. ಬಾಯಿ ತೆರೆದ. 'ಮೇಸ್ತ್ರಿ' ಅಂದ. ಅವನ ತುಟಿ ನನಗೆ ಓದೋಕೆ ಬರುತ್ತೆ."

ಅವಳು ಅಳಲಿಲ್ಲ. ಬ್ರಹ್ಮಳ ಮೈ ಒಮ್ಮೆ ಬಿಗಿಯಿತು. ನೀರಿನೊಳಗೆ ಮೇಸ್ತ್ರಿಯ ಅಂಗೈಗೆ ಮೆತ್ತನೆಯದೇನೋ ಜಾರಿತು. ಓಡು ಗಟ್ಟಿಯಾಗದ ಮೊಟ್ಟೆ. ಎಡಚನ ಹೆಂಡತಿ ಅದನ್ನು ಎತ್ತಿ ಪಕ್ಕಕ್ಕಿಟ್ಟಳು. ಬ್ರಹ್ಮಳನ್ನು ಹಳೇ ಟವೆಲಿನಲ್ಲಿ ಸುತ್ತಿ, ಕಾಲಿನ ಪುಕ್ಕವನ್ನು ಒಂದೊಂದಾಗಿ ಹಿಂಡಿ ಒರೆಸಿ, ಬಿಸಿಲಿಗೆ ಕೂರಿಸಿದಳು. ಕೈ ತೊಳೆದಳು. ಚಪ್ಪಲಿ ಮೆಟ್ಟಿದಳು. ಪಾತ್ರೆ ಹಿಡಿದು ಬಂದ ಮೇಸ್ತ್ರಿಯ ಹೆಂಡತಿ "ಎಲ್ಲಿಗಮ್ಮಾ, ಕೂತ್ಕೋ," ಅನ್ನುವಾಗ ಅವಳಾಗಲೇ ಬೀದಿಯ ತಿರುವಿನಲ್ಲಿದ್ದಳು.

ಅಂದೇ ಮೇಸ್ತ್ರಿ ಹೆಂಡತಿಗೂ ಹೇಳಿದ. ಅವಳು ಪಾತ್ರೆಯ ನೀರು ಆರುವ ತನಕ ಅದನ್ನು ಹಿಡಿದೇ ನಿಂತಿದ್ದಳು. "ಇಷ್ಟು ದಿನ ನನ್ನ ಪಕ್ಕದಲ್ಲೇ ಇದನ್ನ ಇಟ್ಕೊಂಡು ಮಲಗಿದ್ರಾ?" ಅಂದಳು. ಮತ್ತೆ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಇಸ್ತ್ರಿ ಮಾಡಿದ ಷರ್ಟು ತಂದು ಮಂಚದ ಮೇಲಿಟ್ಟಳು. "ಹೋಗಿ ಹೇಳಬೇಕಾದವರಿಗೆ ಹೇಳಿ ಬನ್ನಿ."

ಕಾರ್ಖಾನೆಯ ಆಫೀಸಿನಲ್ಲಿ ಕುರ್ಚಿ ತೋರಿಸಲಿಲ್ಲ. "ಮುಗಿದ ಕಡತ. ಈಗ್ಯಾಕೆ ಕೆದಕ್ತೀರಿ? ನಿಮಗೇ ತೊಂದ್ರೆ," ಅಂದರು. ಮೇಸ್ತ್ರಿ ನಿಂತುಕೊಂಡೇ ಬರೆದ. ಗುಂಡಿ ಸರಿಯಾಗಿತ್ತು, ತಡ ಮಾಡಿದವನು ನಾನು, ಹಿಂದಿನ ದಿನ ಲೈನು ನಿಲ್ಲಿಸಿದ್ದಕ್ಕೆ ಬೈಸಿಕೊಂಡಿದ್ದೆ, ಆ ಹೆದರಿಕೆ ಇತ್ತು. ಬೈದವರ ಹೆಸರನ್ನೂ ಬರೆದ. ಅವರು ತೆಗೆದುಕೊಳ್ಳದಿದ್ದಾಗ ಅದೇ ಕಾಗದವನ್ನು ಕಾರ್ಮಿಕ ಇಲಾಖೆಗೆ ಕೊಟ್ಟ. ಅಲ್ಲಿ ಮುದ್ರೆ ಹಾಕಿ ತೆಗೆದುಕೊಂಡರು.

ಹೇಳಿಬಿಟ್ಟರೆ ಎಲ್ಲ ನಿಲ್ಲುತ್ತದೆ ಅಂತ ಅವನು ಎಲ್ಲೋ ಒಳಗೆ ನಂಬಿದ್ದ. ನಿಲ್ಲಲಿಲ್ಲ. ಏಳೂ ಹತ್ತಕ್ಕೆ ಹೇಂಟೆಗಳು ಈಗಲೂ ತಲೆಯೆತ್ತುತ್ತಿದ್ದವು. ಬೋಳಿ ಈಗಲೂ ಹೋಗಿ ಕವುಚಿ ಕೂರುತ್ತಿದ್ದಳು. ವ್ಯತ್ಯಾಸವೆಂದರೆ ಮೇಸ್ತ್ರಿ ಈಗ ಓಡಿಹೋಗುತ್ತಿರಲಿಲ್ಲ. ಎದುರಿನ ಖಾಲಿ ಜಾಗವನ್ನು ನೋಡುತ್ತ, ಅದು ಮುಗಿಯುವ ತನಕ ಕೈಕಟ್ಟಿ ನಿಲ್ಲುತ್ತಿದ್ದ. ಬಿಳಿ ಗರಿ ಬಿದ್ದರೆ ಬಿದ್ದಲ್ಲೇ ಬಿಡುತ್ತಿದ್ದ.

ಹೊಸ ವಿಚಾರಣೆಯ ದಿನ ಇಲಾಖೆಯ ಪಡಸಾಲೆಯ ಬೆಂಚಿನ ಮೇಲೆ ಎಡಚನ ಹೆಂಡತಿ ಮಗಳೊಂದಿಗೆ ಕೂತಿದ್ದಳು. ಮೇಸ್ತ್ರಿ ದೂರದಲ್ಲೇ ನಿಂತ. ಹೇಳಿಕೆ ಮುಗಿಸಿ ಹೊರಬಂದಾಗ ಅವಳೇ ಎದ್ದು ಬಂದಳು.

"ಇನ್ಮೇಲೆ ನಿಮ್ಮನ್ನ ಅಣ್ಣ ಅಂತ ಕರೆಯಲ್ಲ," ಅಂದಳು.

"ಬೇಡ."

"ಕ್ಷಮಿಸಿದೆ ಅಂತಾನೂ ಹೇಳಲ್ಲ. ಬರ್ತಿಲ್ಲ ಅದು ಬಾಯಿಗೆ."

"ಬೇಡ."

ಅವಳು ಕಿಟಕಿಯ ಕಡೆ ತಿರುಗಿದಳು. "ಬ್ರಹ್ಮ ಹೇಗಿದೆ?"

"ತಿಂತಿದೆ. ನಿನ್ನೆ ಗಟ್ಟಿ ಮೊಟ್ಟೆ ಇಟ್ಟಿದೆ."

"ಕಾಲಿನ ಪುಕ್ಕಕ್ಕೆ ಕೆಸರು ಅಂಟ್ಕೊಂಡ್ರೆ ಬಿಡಬೇಡಿ, ಹುಣ್ಣಾಗುತ್ತೆ." ಆಮೇಲೆ ಹೇಳಿದಳು, "ಭಾನುವಾರ ಬೆಳಿಗ್ಗೆ ಬರ್ತೀನಿ. ಅವನ್ನ ನೋಡೋಕೆ. ನೀವು ಒಳಗಿರಿ."

ಹಾಗೇ ನಡೆಯಿತು. ಭಾನುವಾರ ಬೆಳಿಗ್ಗೆ ಅವಳು ಪಕ್ಕದ ಸಂದಿಯಿಂದ ಹಿತ್ತಲಿಗೆ ಬರುತ್ತಿದ್ದಳು. ಮೇಸ್ತ್ರಿ ನಡುಮನೆಯಲ್ಲಿ ಬಾಗಿಲು ಮುಂದೆ ಮಾಡಿ ಕೂರುತ್ತಿದ್ದ. ಅವಳು ಐವರೊಂದಿಗೂ ಮಾತಾಡುವುದು ಕೇಳುತ್ತಿತ್ತು, ಪದ ಕೇಳುತ್ತಿರಲಿಲ್ಲ. ಹೆಂಡತಿ ಟೀ ಮಾಡಿ ತೆಗೆದುಕೊಂಡು ಹೋಗುತ್ತಿದ್ದಳು. ಇಬ್ಬರೂ ಮೆಟ್ಟಿಲ ಮೇಲೆ ಕೂತು ಕುಡಿಯುತ್ತಿದ್ದರು. ಕೆಲವೊಮ್ಮೆ ನಗು ಕೇಳುತ್ತಿತ್ತು.

ಮೂರು ತಿಂಗಳಾದ ಮೇಲೆ ಒಂದು ಭಾನುವಾರ ಹೆಂಡತಿ ಖಾಲಿ ಲೋಟ ಹಿಡಿದು ಒಳಗೆ ಬಂದಳು. "ಗೂಡಿನ ಅಗುಳಿ ಸಡಿಲ ಆಗಿದೆಯಂತೆ. ಬೀದಿ ಬೆಕ್ಕು ನುಗ್ಗುತ್ತೆ, ಸರಿಮಾಡೋಕೆ ಹೇಳಿ ಅಂದ್ಲು."

ಸೋಮವಾರ ಮೇಸ್ತ್ರಿ ಹಳೇ ಅಗುಳಿ ಕಿತ್ತು, ಗಟ್ಟಿ ಮರದ ಹೊಸದನ್ನು ಕೆತ್ತಿ, ಮೊಳೆ ಹೊಡೆದು ಕೂರಿಸಿದ. ಸೂಪರ್‌ವೈಸರ್ ಪಕ್ಕದಲ್ಲೇ ನಿಂತು ಇಡೀ ಕೆಲಸ ನೋಡಿದಳು. ಮುಂದಿನ ಭಾನುವಾರ ಅವನು ಒಳಗೆ ಕೂತಿದ್ದಾಗ ಹಿತ್ತಲಲ್ಲಿ ಅಗುಳಿ ತೆಗೆದ ಸದ್ದು ಕೇಳಿತು, ಹಾಕಿದ ಸದ್ದು ಕೇಳಿತು. ಸ್ವಲ್ಪ ಹೊತ್ತು ಬಿಟ್ಟು ಅವಳು ಮತ್ತೊಮ್ಮೆ ತೆಗೆದು ಹಾಕಿದಳು. ಆಮೇಲೆ ಕಾಳು ಚೆಲ್ಲುವ ಸದ್ದು, ಐದು ಹೇಂಟೆಗಳು ಓಡಿ ಬರುವ ಸದ್ದು.